ರಾಸ್ಪ್‌ಬೆರಿ ಪೈ 4ರಲ್ಲಿ ಜಿಪಿಯು ಕೆಲಸ ಮಾಡುತ್ತಿದೆಯಾ? ಹೀಗೆ ನೋಡಿ

ತೀರ್ಥಹಳ್ಳಿಯ ನಮ್ಮ ಅಂಗಡಿ ಟಿವಿಯಲ್ಲಿ ಅಡಿಕೆ ದರ ತೋರಿಸೋಕೆ ರಾಸ್ಪ್‌ಬೆರಿ ಪೈ 4 ಅನ್ನೋ ಪುಟ್ಟ ಕಂಪ್ಯೂಟರ್ ಹಾಕಿದ್ದೆ. ರಾಶಿ, ಬೆಟ್ಟೆ, ಸರಕು ಅಂತ ಸಾಲುಗಳು ಮೇಲೆ ಸರಿಯುವಾಗ ತಡವರಿಸುತ್ತಿದ್ದವು, ಬೋರ್ಡ್ ಮುಟ್ಟಿದರೆ ಕೈ ಸುಡುತ್ತಿತ್ತು.

ನಿಮಗೂ ಹೀಗಾದರೆ ಮೊದಲು ಮೆಸಾ-ಯುಟಿಲ್ಸ್ (mesa-utils) ಪ್ಯಾಕೇಜ್ ಹಾಕಿಕೊಂಡು, ಟರ್ಮಿನಲ್‌ನಲ್ಲಿ ಅದರ ಜಿಎಲ್‌ಎಕ್ಸ್‌ಇನ್ಫೋ (glxinfo) ಕಮಾಂಡ್ ಓಡಿಸಿ, ರೆಂಡರರ್ ಅನ್ನೋ ಸಾಲು ಹುಡುಕಿ. ಅಲ್ಲಿ ಎಲ್‌ಎಲ್‌ವಿಎಂಪೈಪ್ (llvmpipe) ಅಂತಿದ್ದರೆ ಚಿತ್ರ ಬಿಡಿಸೋ ಕೆಲಸವನ್ನೆಲ್ಲ ಸಿಪಿಯು ಒಂದೇ ಮಾಡುತ್ತಿದೆ, ಚಿತ್ರ ಬಿಡಿಸೋಕಂತಲೇ ಇರೋ ಜಿಪಿಯು ಸುಮ್ನೆ ಕೂತಿದೆ ಅಂತ ಅರ್ಥ. ಜಿಪಿಯು ಕೆಲಸ ಮಾಡುತ್ತಿದ್ದರೆ ಅಲ್ಲಿ ವಿ3ಡಿ (V3D) ಅಂತ ಬರಬೇಕು. ಬರದಿದ್ದರೆ ಬೂಟ್ ಫೋಲ್ಡರಿನ ಕಾನ್ಫಿಗ್ ಫೈಲ್ ತೆರೆದು, ಜಿಪಿಯು ಡ್ರೈವರ್ ಚಾಲೂ ಮಾಡೋ ವಿಸಿ4-ಕೆಎಂಎಸ್-ವಿ3ಡಿ (vc4-kms-v3d) ಓವರ್‌ಲೇ ಸಾಲಿನ ಮುಂದೆ, ಆ ಸಾಲನ್ನು ಕೆಲಸ ಮಾಡದಂತೆ ತಡೆಯೋ ಹ್ಯಾಶ್ (#) ಗುರುತು ಇದೆಯಾ ನೋಡಿ. ಇದ್ದರೆ ಅಳಿಸಿ, ರೀಬೂಟ್ ಮಾಡಿ. ನನಗೆ ತೊಂದರೆ ಸಿಕ್ಕಿದ್ದು ಇಲ್ಲೇ.

ಆಮೇಲೂ ಆಗಲಿಲ್ವಾ? ನಿಮ್ಮ ಯೂಸರ್ ಜಿಪಿಯು ಬಳಸೋ ಅನುಮತಿ ಕೊಡುವ ರೆಂಡರ್ (render) ಗ್ರೂಪಿನಲ್ಲಿ ಇದೆಯಾ ನೋಡಿ, ಇಲ್ಲದಿದ್ದರೆ ಸೇರಿಸಿ.