ಬಳ್ಳಾರಿ ಸೀಮೆಯಿಂದ ಬೆಲ್ಜಿಯಂನ ಹಳೆಯ ಬ್ರೂವರಿಗಳಿಗೆ: ಮೊದಲ ವಿದೇಶ ಪ್ರವಾಸದ ಸಿದ್ಧತೆ

ಬೆಲ್ಜಿಯಂನ ಹಳೆಯ ಬ್ರೂವರಿಗಳಲ್ಲಿ ಹೆಚ್ಚಿನವು ಇಂದಿಗೂ ದಿನನಿತ್ಯ ಬಿಯರ್ ತಯಾರಾಗುವ ಕೆಲಸದ ಜಾಗಗಳು. ಕೆಲವು ವಾರದ ಗೊತ್ತಾದ ದಿನಗಳಲ್ಲಿ ಮಾತ್ರ ಜನರನ್ನು ಒಳಗೆ ಬಿಡುತ್ತವೆ, ಕೆಲವು ಮುಂಗಡವಾಗಿ ಹೆಸರು ಕೊಟ್ಟವರಿಗಷ್ಟೇ ಬಾಗಿಲು ತೆರೆಯುತ್ತವೆ, ಮಠಗಳೊಳಗಿನವು ಹೊರಗಿನವರನ್ನು ಬಹುತೇಕ ಬಿಡುವುದೇ ಇಲ್ಲ. ಹೀಗಿರುವಾಗ ಬಳ್ಳಾರಿ, ಕೊಪ್ಪಳ, ರಾಯಚೂರುಗಳಿಂದ ಮೊದಲ ಸಲ ವಿದೇಶಕ್ಕೆ ಹೊರಡುವವರು ಅಗ್ಗದ ವಿಮಾನ ಟಿಕೆಟ್ ಕಂಡೊಡನೆ ಕೊಂಡಿಟ್ಟು, ಉಳಿದದ್ದನ್ನು ಅಲ್ಲಿಗೆ ಹೋಗಿ ನೋಡಿಕೊಂಡರಾಯಿತು ಎಂದುಕೊಂಡರೆ ಅರ್ಧ ಪ್ರವಾಸ ಮುಚ್ಚಿದ ಬಾಗಿಲುಗಳ ಮುಂದೆ ಕಳೆದುಹೋಗುತ್ತದೆ. ಯಾವ ಬ್ರೂವರಿ, ಯಾವ ತಿಂಗಳು, ವಾರದ ಯಾವ ದಿನ ಎಂಬುದನ್ನು ಮೊದಲು ಕಾಗದದ ಮೇಲೆ ಬರೆದುಕೊಂಡು, ವೀಸಾ, ವಿಮಾನ, ವಸತಿಗಳನ್ನು ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳುವುದು ಸರಿಯಾದ ಕ್ರಮ.

ದೇಶ ಚಿಕ್ಕದು, ಅದರ ವಿಸ್ತೀರ್ಣ ಕರ್ನಾಟಕದ ಆರರಲ್ಲೊಂದು ಪಾಲನ್ನೂ ಮುಟ್ಟುವುದಿಲ್ಲ. ನಕ್ಷೆ ನೋಡಿದಾಗ ದಿನಕ್ಕೆರಡು ಬ್ರೂವರಿಗಳನ್ನು ಸಲೀಸಾಗಿ ಮುಗಿಸಬಹುದೆನ್ನಿಸುತ್ತದೆ. ಆದರೆ ಒಂದು ವಾರಕ್ಕೆ ನಾಲ್ಕು ಸಾಕು, ಐದಾದರೆ ಧಾರಾಳ. ಅದಕ್ಕಿಂತ ಹೆಚ್ಚಾದರೆ ಎಲ್ಲ ತಾಮ್ರದ ಹಂಡೆಗಳೂ ಒಂದೇ ಬಗೆಯಾಗಿ ಕಾಣತೊಡಗುತ್ತವೆ.

ಒಂದನ್ನೇ ನೋಡಲು ಸಾಧ್ಯವೆಂದಾದರೆ ಅದು ಬ್ರಸೆಲ್ಸ್ ನಗರದ ಆಂಡರ್‌ಲೆಕ್ಟ್ ಭಾಗದಲ್ಲಿರುವ ಕಾಂತಿಯೋಂ ಆಗಲಿ. 1900ರಲ್ಲಿ ಆರಂಭವಾದ ಈ ಮನೆತನದ ಬ್ರೂವರಿ 1978ರಿಂದ ವಸ್ತುಸಂಗ್ರಹಾಲಯವಾಗಿಯೂ ತೆರೆದಿದ್ದು, ಬ್ರಸೆಲ್ಸ್‌ನ ದಕ್ಷಿಣ ರೈಲು ನಿಲ್ದಾಣದಿಂದ ನಡೆದೇ ತಲುಪಬಹುದಾದಷ್ಟು ಹತ್ತಿರದಲ್ಲಿದೆ. ಇಲ್ಲಿ ತಯಾರಾಗುವುದು ಲಾಂಬಿಕ್ ಎಂಬ ಬಗೆಯ ಬಿಯರ್. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ ಮತ್ತು ಹಸಿ ಗೋಧಿಯಿಂದ ಇಳಿಸಿದ ಸಿಹಿ ರಸವನ್ನು, ಬೇಕೆಂದೇ ಹಳತಾಗಿಸಿದ ಹಾಪ್ಸ್ ಎಂಬ ಬಳ್ಳಿಯ ಹೂಗಳೊಂದಿಗೆ ಗಂಟೆಗಟ್ಟಲೆ ಕುದಿಸಿ, ಸೂರಿನ ಕೆಳಗಿರುವ ಅಗಲವಾದ ತಾಮ್ರದ ತೊಟ್ಟಿಗೆ ಹರಿಯಬಿಟ್ಟು, ರಾತ್ರಿಯಿಡೀ ಗಾಳಿಗೆ ತೆರೆದಿಡುತ್ತಾರೆ. ಪ್ರತ್ಯೇಕವಾಗಿ ಯೀಸ್ಟ್ ಬೆರೆಸುವುದಿಲ್ಲ. ಗಾಳಿಯಲ್ಲಿ, ಕಟ್ಟಡದ ತೊಲೆಗಳಲ್ಲಿ, ಪೀಪಾಯಿಗಳ ಮರದಲ್ಲಿ ನೆಲೆಸಿರುವ ಸೂಕ್ಷ್ಮಜೀವಿಗಳೇ ರಸವನ್ನು ಹುದುಗಿಸುತ್ತವೆ. ನಮ್ಮ ಕಡೆ ಈಚಲು ಮರಕ್ಕೆ ಕಟ್ಟಿದ ಮಡಕೆಯಲ್ಲಿ ಸೇಂದಿ ತಾನಾಗಿಯೇ ನೊರೆಯೇಳುವುದನ್ನು ಬಲ್ಲವರಿಗೆ ಈ ತತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೇಂದಿಯದು ಒಂದೇ ದಿನದ ಆಟ, ಲಾಂಬಿಕ್ ಮಾತ್ರ ಒಂದರಿಂದ ಮೂರು ವರ್ಷ ಪೀಪಾಯಿಯಲ್ಲಿ ಮಾಗುತ್ತದೆ. ಎಳೆಯ ಮತ್ತು ಹಳೆಯ ಲಾಂಬಿಕ್‌ಗಳನ್ನು ಬೆರೆಸಿ ಬಾಟಲಿಗೆ ತುಂಬಿ, ಬಾಟಲಿಯೊಳಗೇ ಮತ್ತೊಮ್ಮೆ ಹುದುಗಲು ಬಿಟ್ಟಾಗ ಸಿಗುವುದು ಗೂಜ್. ಹುಳಿಚೆರ್ರಿ ಹಣ್ಣುಗಳನ್ನು ನೆನೆಹಾಕಿದಾಗ ಸಿಗುವುದು ಕ್ರೀಕ್. ಕಾಂತಿಯೋಂನ ಪೀಪಾಯಿ ಸಾಲುಗಳ ನಡುವೆ ಜೇಡರ ಬಲೆಗಳು ಕಂಡರೆ ಅಶುಚಿಯೆಂದು ಮೂಗು ಮುರಿಯಬೇಡಿ. ಹಣ್ಣಿನ ವಾಸನೆಗೆ ಬರುವ ನೊಣಗಳನ್ನು ಜೇಡಗಳು ಹಿಡಿಯುತ್ತವೆಂದು ಅಲ್ಲಿ ಅವುಗಳನ್ನು ಬೇಕೆಂದೇ ಉಳಿಸಿಕೊಂಡಿದ್ದಾರೆ. ನಮ್ಮಲ್ಲಿ ಸಿಗುವ ತಣ್ಣನೆಯ ಲಾಗರ್ ಬಿಯರ್‌ಗೆ ಒಗ್ಗಿದ ನಾಲಿಗೆಗೆ ಗೂಜ್‌ನ ಹುಳಿ ಮೊದಲ ಗುಟುಕಿನಲ್ಲಿ ಸೇರದೆ ಹೋಗಬಹುದು, ಆದ್ದರಿಂದ ಲೋಟ ಅರ್ಧವಾಗುವವರೆಗೆ ತೀರ್ಪು ಕೊಡುವ ಆತುರ ಬೇಡ.

ಲಾಂಬಿಕ್ ತಯಾರಿಕೆಗೆ ರಾತ್ರಿಯ ಚಳಿ ಬೇಕು. ಬೇಸಿಗೆಯ ಗಾಳಿಯಲ್ಲಿ ಬೇಡದ ಸೂಕ್ಷ್ಮಜೀವಿಗಳು ಹೆಚ್ಚಾಗುವುದರಿಂದ ರಸ ಕುದಿಸುವ ಕೆಲಸ ಸುಮಾರಾಗಿ ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಮಾತ್ರ ನಡೆಯುತ್ತದೆ. ಬ್ರಸೆಲ್ಸ್‌ನ ನೈರುತ್ಯಕ್ಕೆ, ಸೆನ್ನೆ ನದಿಯ ಕಣಿವೆ ಮತ್ತು ಪಾಯೊಟೆನ್‌ಲಾಂಡ್ ಎಂಬ ಹಳ್ಳಿಗಾಡಿನಲ್ಲಿ, ಲೆಂಬೇಕ್‌ನ ಬೋನ್, ಬೇರ್ಸೆಲ್‌ನ ಔಡ್ ಬೇರ್ಸೆಲ್ ಮೊದಲಾದ ಇದೇ ಪರಂಪರೆಯ ಮನೆಗಳಿವೆ. ಎರಡು ವರ್ಷಕ್ಕೊಮ್ಮೆ ವಸಂತದಲ್ಲಿ ನಡೆಯುವ ‘ಟೂರ್ ಡೆ ಗೂಜ್’ ವಾರಾಂತ್ಯದಂದು ಇಂಥ ಹಲವು ಬ್ರೂವರಿಗಳು ಒಟ್ಟಿಗೆ ಬಾಗಿಲು ತೆರೆಯುತ್ತವೆ. ಆ ದಿನಾಂಕಕ್ಕೆ ಪ್ರವಾಸ ಹೊಂದುವಂತಿದ್ದರೆ ಬೇರೆ ಲೆಕ್ಕಾಚಾರಗಳನ್ನೆಲ್ಲ ಬದಿಗಿಡಬಹುದು.

ಮಠಗಳ ಬಿಯರ್ ಬಗ್ಗೆ ನಮ್ಮಲ್ಲಿ ಒಂದು ತಪ್ಪು ನಿರೀಕ್ಷೆಯಿದೆ. ಸನ್ಯಾಸಿಗಳು ಹಂಡೆಯ ಮುಂದೆ ನಿಂತಿರುವುದನ್ನು ನೋಡಬಹುದೆಂದು ಹೋದವರಿಗೆ ಗೋಡೆಯಷ್ಟೇ ಕಾಣಿಸುತ್ತದೆ. ಟ್ರಾಪಿಸ್ಟ್ ಎಂಬ ಮುದ್ರೆ ಸಿಗಬೇಕಾದರೆ ಬಿಯರ್ ಮಠದ ಆವರಣದಲ್ಲಿ ಅಥವಾ ಅದರ ಸಮೀಪದಲ್ಲಿ, ಮಠದವರ ಮೇಲ್ವಿಚಾರಣೆಯಲ್ಲಿ ತಯಾರಾಗಬೇಕು, ಬಂದ ಹಣ ಮಠದ ನಿರ್ವಹಣೆಗೂ ಧರ್ಮಕಾರ್ಯಗಳಿಗೂ ಹೋಗಬೇಕು. ಆಹೆಲ್ ಮಠ 2021ರಲ್ಲಿ ಈ ಮುದ್ರೆಯನ್ನು ಕಳೆದುಕೊಂಡ ಮೇಲೆ ಬೆಲ್ಜಿಯಂನಲ್ಲಿ ವೆಸ್ಟ್‌ಮಾಲೆ, ವೆಸ್ಟ್‌ವ್ಲೇಟರೆನ್, ಶಿಮೇ, ಓರ್ವಾಲ್, ರೋಶ್‌ಫೋರ್ ಎಂಬ ಐದು ಉಳಿದಿವೆ. ಒಳಗೆ ಹೋಗಲಾಗದಿದ್ದರೂ ವೆಸ್ಟ್‌ವ್ಲೇಟರೆನ್ ಮಠದ ಎದುರಿಗಿರುವ ‘ಇನ್ ಡೆ ವ್ರೇಡೆ’ ಮತ್ತು ವೆಸ್ಟ್‌ಮಾಲೆ ಮಠದ ಬಳಿಯ ಕೆಫೆಯಲ್ಲಿ ಕುಳಿತು ಆಯಾ ಮಠದ ಬಿಯರ್ ಕುಡಿಯಬಹುದು. ವೆಸ್ಟ್‌ವ್ಲೇಟರೆನ್‌ಗೆ ಪೋಪರಿಂಗೆ ರೈಲು ನಿಲ್ದಾಣದಲ್ಲಿಳಿದು ಮುಂದೆ ಸೈಕಲ್ ಅಥವಾ ಟ್ಯಾಕ್ಸಿ ಹಿಡಿಯಬೇಕು. ಪೋಪರಿಂಗೆ ಹಾಪ್ಸ್ ಬೆಳೆಯುವ ಊರಾದ್ದರಿಂದ ಅಲ್ಲಿನ ಹಾಪ್ಸ್ ವಸ್ತುಸಂಗ್ರಹಾಲಯವನ್ನೂ ಅದೇ ದಿನ ಸೇರಿಸಿಕೊಳ್ಳಬಹುದು. ಓರ್ವಾಲ್‌ನ ಪಾಳುಬಿದ್ದ ಹಳೆಯ ಮಠದ ಕಮಾನುಗಳನ್ನು ಕಂಡರೆ ಹಂಪಿಯ ನೆರೆಯವರಾದ ನಮಗೆ ಹಿಡಿಸದೆ ಇರದು; ಆದರೆ ಅದು ದೇಶದ ದಕ್ಷಿಣ ತುದಿಯಲ್ಲಿದ್ದು, ರೈಲಿನಲ್ಲಿ ತಲುಪುವುದು ತೊಡಕಿನ ಕೆಲಸವಾದ್ದರಿಂದ ಮೊದಲ ಪ್ರವಾಸದಲ್ಲಿ ಬಿಟ್ಟುಬಿಡುವುದು ಲೇಸು.

ಉಳಿದ ದಿನಗಳಿಗೆ ರೈಲು ನಿಲ್ದಾಣವಿರುವ ಊರುಗಳ ಬ್ರೂವರಿಗಳನ್ನು ಆರಿಸಿಕೊಳ್ಳಿ. ಬ್ರೂಜ್ ನಗರದ ನಡುವೆ 1856ರಿಂದ ಇರುವ ‘ಡೆ ಹಾಲ್ವೆ ಮಾನ್’ ಪ್ರವಾಸಿಗರಿಗೆಂದೇ ಮಾರ್ಗದರ್ಶಿಗಳನ್ನಿಟ್ಟಿದೆ. ಲಾರಿಗಳು ಹಳೆಯ ಓಣಿಗಳಲ್ಲಿ ಓಡಾಡುವುದನ್ನು ತಪ್ಪಿಸಲು 2016ರಲ್ಲಿ ಊರಿನ ನೆಲದಡಿ ಸುಮಾರು 3 ಕಿಲೋಮೀಟರ್ ಉದ್ದದ ಕೊಳವೆ ಹಾಕಿ, ಬಾಟಲಿ ತುಂಬುವ ಘಟಕಕ್ಕೆ ಬಿಯರ್ ಹರಿಸುತ್ತಿರುವುದು ಇದರ ವಿಶೇಷ. ಮೆಟ್ಟಿಲುಗಳು ಕಡಿದಾಗಿರುವುದರಿಂದ ಮಂಡಿನೋವಿರುವವರು ಯೋಚಿಸಿ ಹೋಗಬೇಕು. ಬ್ರೂಜ್‌ನಿಂದ ಕೋರ್ಟ್ರೈಕ್ ಕಡೆಗೆ ಹೋಗುವ ರೈಲು ಮಾರ್ಗದಲ್ಲಿ ಸಿಗುವ ರೂಸೆಲಾರೆ ಊರಿನ ರೋಡೆನ್‌ಬಾಕ್‌ನಲ್ಲಿ, ಆಳೆತ್ತರವನ್ನು ಮೀರಿದ ಓಕ್ ಮರದ ಪೀಪಾಯಿಗಳು ಮುನ್ನೂರರ ಸಮೀಪದಷ್ಟಿವೆ. ಅವುಗಳಲ್ಲಿ ಮಾಗಿದ ಕೆಂಪು ಬಿಯರ್‌ನ ಹುಳಿ ಲಾಂಬಿಕ್‌ಗಿಂತ ಮೃದು. ಇಲ್ಲಿಗೆ ಮುಂಗಡ ಕಾದಿರಿಸದೆ ಹೋಗಬಾರದು. ಬ್ರಸೆಲ್ಸ್ ಮತ್ತು ಆಂಟ್ವರ್ಪ್ ನಡುವಿನ ಮೆಕಲೆನ್‌ನಲ್ಲಿರುವ ‘ಹೆಟ್ ಆಂಕರ್’ ತನ್ನ ಆವರಣದಲ್ಲೇ ಹೋಟೆಲ್ ನಡೆಸುವುದರಿಂದ, ಕುಡಿದು ಕತ್ತಲಲ್ಲಿ ದಾರಿ ಹುಡುಕುವ ಚಿಂತೆ ಅಲ್ಲಿಲ್ಲ.

ತಿಂಗಳನ್ನು ಆರಿಸುವಾಗ ನಮ್ಮ ಬಿಸಿಲಿನಿಂದ ಪಾರಾಗುವ ಆಸೆಗೆ ಮೇ ತಿಂಗಳು ಹಿಡಿಸುತ್ತದೆ, ಮತ್ತು ಅದು ತಪ್ಪೇನಲ್ಲ. ಆದರೆ ತುಂಗಭದ್ರಾ ಕಾಲುವೆಯ ಭತ್ತದ ಗದ್ದೆಗಳಿರುವ ಗಂಗಾವತಿ, ಸಿಂಧನೂರು ಕಡೆಯವರಿಗೆ ಎರಡನೆಯ ಬೆಳೆಯ ಕೊಯ್ಲು ಆಗ ಅಡ್ಡ ಬರಬಹುದು. ಅಂಥವರಿಗೆ ನಾಟಿ ಮುಗಿದು ಕೊಯ್ಲು ಇನ್ನೂ ದೂರವಿರುವ ಸೆಪ್ಟೆಂಬರ್ ಅನುಕೂಲ. ಪೋಪರಿಂಗೆಯಲ್ಲಿ ಹಾಪ್ಸ್ ಕೊಯ್ಲು ನಡೆಯುವುದೂ ಆಗಲೇ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಸಣ್ಣ ಬ್ರೂವರಿಗಳು ರಜೆಗೆಂದು ಮುಚ್ಚುವುದುಂಟು, ಭಾನುವಾರವಂತೂ ಹಲವೆಡೆ ಬಾಗಿಲು ಹಾಕಿರುತ್ತಾರೆ. ಯಾವ ತಿಂಗಳಾದರೂ ಮಳೆಗೆ ಸಿದ್ಧರಾಗಿ ಹೋಗಬೇಕು.

ಇನ್ನು ಕಾಗದಪತ್ರಗಳು. ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟದ್ದಾಗಿದ್ದು, ಯುರೋಪ್ ಬಿಡುವ ದಿನದಿಂದ ಮುಂದೆ ಕನಿಷ್ಠ ಮೂರು ತಿಂಗಳ ಅವಧಿ ಉಳಿದಿರಬೇಕು ಮತ್ತು ಎರಡು ಖಾಲಿ ಪುಟಗಳಿರಬೇಕು. ಬೇಕಾಗಿರುವುದು ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ಅಲ್ಪಾವಧಿ ವೀಸಾ. ವಯಸ್ಕರಿಗೆ ಇದರ ಶುಲ್ಕ 2024ರ ಜೂನ್‌ನಿಂದ 90 ಯೂರೋ; ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನದವರೆಗೂ ಹಿಡಿಯುವುದರಿಂದ ಎರಡು-ಮೂರು ತಿಂಗಳು ಮೊದಲೇ ಅರ್ಜಿ ಕೇಂದ್ರದಲ್ಲಿ ಸಮಯ ಗೊತ್ತುಮಾಡಿಕೊಳ್ಳಿ. ಬೆರಳಚ್ಚು ಕೊಡಲು ಮೊದಲ ಸಲ ಖುದ್ದಾಗಿ ಹೋಗಲೇಬೇಕು. ಕನಿಷ್ಠ 30,000 ಯೂರೋ ಚಿಕಿತ್ಸಾ ವೆಚ್ಚ ಭರಿಸುವ ಪ್ರವಾಸ ವಿಮೆ ಕಡ್ಡಾಯ. ಇದೇ ವೀಸಾದಲ್ಲಿ ಪ್ಯಾರಿಸ್, ಆಮ್‌ಸ್ಟರ್‌ಡ್ಯಾಂಗಳನ್ನೂ ನೋಡಬಹುದಾದರೂ, ಯಾವ ದೇಶದಲ್ಲಿ ಹೆಚ್ಚು ದಿನ ತಂಗುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕೆಂಬ ನಿಯಮವಿರುವುದರಿಂದ ಬೆಲ್ಜಿಯಂನ ರಾತ್ರಿಗಳ ಸಂಖ್ಯೆ ಹೆಚ್ಚಿರಲಿ.

ಆದಾಯದ ದಾಖಲೆಯಲ್ಲಿ ನಮ್ಮ ಭಾಗದವರಿಗೆ ತೊಡಕಾಗುವುದುಂಟು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿರುವವರಿಗೆ ಸಂಬಳದ ಚೀಟಿ, ರಜೆ ಮಂಜೂರಾತಿ ಪತ್ರ ಸುಲಭವಾಗಿ ಸಿಗುತ್ತವೆ. ಬಳ್ಳಾರಿಯ ಜೀನ್ಸ್ ಘಟಕದವರಿಗೆ ಜಿಎಸ್‌ಟಿ ನೋಂದಣಿ, ಆದಾಯ ತೆರಿಗೆ ವಿವರಗಳಿರುತ್ತವೆ. ವ್ಯವಸಾಯವನ್ನೇ ನಂಬಿದವರು ಪಹಣಿ, ಎಪಿಎಂಸಿಯ ಮಾರಾಟ ಪಟ್ಟಿಗಳು, ಬ್ಯಾಂಕ್ ಖಾತೆಯ ವಿವರ ಇವುಗಳನ್ನು ಇಂಗ್ಲಿಷ್ ಅನುವಾದದೊಂದಿಗೆ ಜೋಡಿಸಬೇಕು. ಅರ್ಜಿಗೆ ಒಂದು ವಾರ ಮುಂಚೆ ಸಾಲ ತಂದು ಖಾತೆಗೆ ತುಂಬಿದ ಹಣ ಅನುಮಾನವನ್ನೇ ಹುಟ್ಟಿಸುತ್ತದೆ. ಪ್ರವಾಸದ ಉದ್ದೇಶ ಬರೆಯುವ ಪತ್ರದಲ್ಲಿ ಬಿಯರ್ ಎಂಬ ಮಾತಿಗೆ ಹಿಂಜರಿಯಬೇಡಿ. ಬೆಲ್ಜಿಯಂನ ಬಿಯರ್ ಸಂಸ್ಕೃತಿ 2016ರಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿದೆ. ‘ಕುಡಿಯಾಕ ಅಷ್ಟು ದೂರ ಹೋಗ್ಬೇಕೇನು?’ ಎಂದು ಕೇಳುವ ಹಿರಿಯರಿಗೂ ಇದೇ ಉತ್ತರ ಕೊಡಬಹುದು, ಅವರು ಒಪ್ಪುವುದು ಬಿಡುವುದು ಬೇರೆ ಮಾತು. ವೀಸಾ ಕೈಸೇರುವ ತನಕ ಹಣ ವಾಪಸಾಗುವ ಟಿಕೆಟ್ ಮತ್ತು ವಸತಿಗಳನ್ನಷ್ಟೇ ಕಾದಿರಿಸಿ.

ಬಳ್ಳಾರಿ, ಹೊಸಪೇಟೆ, ಕೊಪ್ಪಳದವರು ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಹೊರಟು ಬೆಳಗ್ಗೆ ಬೆಂಗಳೂರು ಸೇರಬಹುದು. ರೈಲು ತಡವಾದರೆ ವಿಮಾನ ಕಾಯುವುದಿಲ್ಲವಾದ್ದರಿಂದ ಒಂದು ದಿನ ಮುಂಚೆ ಹೋಗುವುದು ಕ್ಷೇಮ. ರಾಯಚೂರಿನವರಿಗೆ ದೇವನಹಳ್ಳಿಗಿಂತ ಹೈದರಾಬಾದಿನ ಶಂಷಾಬಾದ್ ವಿಮಾನ ನಿಲ್ದಾಣವೇ ಹತ್ತಿರ. ದೋಹಾ, ಅಬುಧಾಬಿ ಅಥವಾ ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಿಸಿ ಬ್ರಸೆಲ್ಸ್ ತಲುಪಬಹುದು. ಫ್ರಾಂಕ್‌ಫರ್ಟ್ ದಾರಿ ಹಿಡಿದರೆ ವಲಸೆ ತಪಾಸಣೆ ಅಲ್ಲೇ ಆಗುತ್ತದೆ. 2025ರ ಅಕ್ಟೋಬರ್‌ನಿಂದ ಹಂತಹಂತವಾಗಿ ಜಾರಿಗೆ ಬಂದ ಹೊಸ ವ್ಯವಸ್ಥೆಯಲ್ಲಿ ಬೆರಳಚ್ಚು, ಭಾವಚಿತ್ರ ತೆಗೆಯುವುದರಿಂದ ಎರಡು ವಿಮಾನಗಳ ನಡುವೆ ಧಾರಾಳ ಸಮಯವಿರಲಿ.

ಬ್ರಸೆಲ್ಸ್ ವಿಮಾನ ನಿಲ್ದಾಣದ ಕೆಳಗೇ ರೈಲು ನಿಲ್ದಾಣವಿದೆ. ಬ್ರಸೆಲ್ಸ್‌ನಲ್ಲಿ ಮೂರು ರಾತ್ರಿ, ಘೆಂಟ್ ಅಥವಾ ಬ್ರೂಜ್‌ನಲ್ಲಿ ಮೂರು-ನಾಲ್ಕು ರಾತ್ರಿ ತಂಗಿ, ಅಲ್ಲಿಂದಲೇ ದಿನವೂ ಹೋಗಿಬರುವುದು ಸುಲಭ. ಘೆಂಟ್‌ಗೆ ಬ್ರಸೆಲ್ಸ್‌ನಿಂದ ಸುಮಾರು ಅರ್ಧ ಗಂಟೆ, ಬ್ರೂಜ್‌ಗೆ ಒಂದು ಗಂಟೆ. ಉತ್ತರದಲ್ಲಿ ಡಚ್, ದಕ್ಷಿಣದಲ್ಲಿ ಫ್ರೆಂಚ್ ಭಾಷೆಯಿರುವುದರಿಂದ ಒಂದೇ ಊರಿಗೆ ಎರಡು ಹೆಸರು: ತೂರ್ನೆ ಎಂದು ಟಿಕೆಟ್ ತೆಗೆದವರಿಗೆ ಉತ್ತರದ ನಿಲ್ದಾಣದ ಫಲಕದಲ್ಲಿ ಡೋರ್ನಿಕ್ ಎಂದು ಕಾಣಬಹುದು, ಮೋನ್ಸ್ ಬೇರ್ಗೆನ್ ಆಗುತ್ತದೆ. ಹೋಗಬೇಕಾದ ಊರುಗಳ ಎರಡೂ ಹೆಸರುಗಳನ್ನು ಬರೆದಿಟ್ಟುಕೊಳ್ಳಿ. ಕಾರು ಬಾಡಿಗೆಗೆ ಪಡೆದು ತಾವೇ ನಡೆಸುವ ಆಲೋಚನೆ ಈ ಪ್ರವಾಸಕ್ಕೆ ಸಲ್ಲದು. ರಕ್ತದಲ್ಲಿ ಲೀಟರಿಗೆ 0.5 ಗ್ರಾಂ ಮದ್ಯಸಾರ ಅಲ್ಲಿನ ಮಿತಿ, ಅಲ್ಲಿನ ಗಡುಸು ಬಿಯರ್‌ಗಳು ಅದನ್ನು ಬೇಗ ದಾಟಿಸುತ್ತವೆ.

ಕುಡಿಯುವಾಗ ಲೋಟದ ಗಾತ್ರ ನೋಡಿ ಮೋಸಹೋಗಬಾರದು. ನಮ್ಮಲ್ಲಿ ಶೇ 5ರ 650 ಮಿಲಿ ಬಾಟಲಿಯಲ್ಲಿ ಸುಮಾರು 32 ಮಿಲಿ ಮದ್ಯಸಾರವಿರುತ್ತದೆ. ಅಲ್ಲಿ ಶೇ 9ರ ಶಿಮೇ ನೀಲಿಯ 330 ಮಿಲಿ ಬಾಟಲಿಯಲ್ಲೇ ಹೆಚ್ಚುಕಡಿಮೆ 30 ಮಿಲಿ ಇರುತ್ತದೆ. ವೆಸ್ಟ್‌ವ್ಲೇಟರೆನ್ 12 ಎಂಬುದು ಶೇ 10.2, ರೋಶ್‌ಫೋರ್ 10 ಎಂಬುದು ಶೇ 11.3. ಹೆಸರಿನ ಅಂಕಿ ಮದ್ಯಸಾರದ ಪ್ರಮಾಣವಲ್ಲ. ಸಂಜೆಗೆ ಎರಡು ಬಾಟಲಿ ಮಿತಿಯೆಂದುಕೊಂಡು, ನಡುವೆ ನೀರು ಕುಡಿಯುತ್ತ, ನಿಧಾನವಾಗಿ ಸವಿಯುವುದು ಅಲ್ಲಿನವರ ಪದ್ಧತಿಯೂ ಹೌದು. ಪ್ರತಿ ಬಿಯರ್‌ಗೂ ಅದರದೇ ಲೋಟವಿರುವುದರಿಂದ, ತಂದಿಟ್ಟಾಗ ಎರಡು ಬೆರಳು ನೊರೆ ಕಂಡರೆ ಅಳತೆ ಕಡಿಮೆಯಾಯಿತೆಂದು ಜಗಳಕ್ಕಿಳಿಯಬೇಕಾಗಿಲ್ಲ.

ಊಟದ ವಿಷಯದಲ್ಲಿ ಸಸ್ಯಾಹಾರಿಗಳೂ ದನದ ಮಾಂಸ ತಿನ್ನದವರೂ ಒಂದನ್ನು ಗಮನಿಸಬೇಕು: ಅಲ್ಲಿನ ಹೆಸರಾಂತ ಆಲೂಗಡ್ಡೆ ಫ್ರೈಗಳನ್ನು ಸಾಂಪ್ರದಾಯಿಕವಾಗಿ ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ಎಣ್ಣೆಯಲ್ಲಿ ಕರಿಯುವ ಅಂಗಡಿಗಳೂ ಇವೆ, ಕೇಳಿಯೇ ಕೊಳ್ಳಬೇಕು. ಬ್ರೂವರಿ ಕೆಫೆಗಳಲ್ಲಿ ಚೀಸ್ ತುಂಡುಗಳು ಸಾಸಿವೆಯೊಂದಿಗೆ ಸಿಗುತ್ತವೆ. ಯುರೋಪ್ ಒಕ್ಕೂಟದೊಳಕ್ಕೆ ಹೊರಗಿನಿಂದ ಮಾಂಸ, ಹಾಲಿನ ಪದಾರ್ಥ ಒಯ್ಯುವಂತಿಲ್ಲವಾದ್ದರಿಂದ ತುಪ್ಪದ ಡಬ್ಬಿ ಮನೆಯಲ್ಲೇ ಇರಲಿ. ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಕಟ್ಟಿಕೊಂಡರೆ ಹೊಟ್ಟೆಯ ಚಿಂತೆ ಅರ್ಧ ತೀರುತ್ತದೆ, ಮಾತ್ರವಲ್ಲ ಶೇಂಗಾ ಚಟ್ನಿಯ ಖಾರಕ್ಕೆ ಗೂಜ್‌ನ ಹುಳಿ ಚೆನ್ನಾಗಿ ಹೊಂದುತ್ತದೆ.

ಮರಳುವಾಗ ಒಬ್ಬರು ಸುಂಕವಿಲ್ಲದೆ ತರಬಹುದಾದ ಮದ್ಯ 2 ಲೀಟರ್. 330 ಮಿಲಿಯ ಆರು ಬಾಟಲಿಗಳು 1.98 ಲೀಟರ್ ಆಗುವುದರಿಂದ ಲೆಕ್ಕ ಸರಿಹೊಂದುತ್ತದೆ. 750 ಮಿಲಿಯ ದೊಡ್ಡ ಬಾಟಲಿಗಳಾದರೆ ಎರಡೇ. ಕೈಚೀಲದಲ್ಲಿ ಬಿಡುವುದಿಲ್ಲವಾದ್ದರಿಂದ ಪ್ರತಿಯೊಂದನ್ನೂ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಟ್ಟೆಯಲ್ಲಿ ಸುತ್ತಿ, ವಿಮಾನದ ಸರಕಿಗೆ ಕೊಡುವ ಪೆಟ್ಟಿಗೆಯ ನಡುವೆ ಇಡಿ. ಮನೆಗೆ ಬಂದ ಮೇಲೆ ನಮ್ಮ ಬೇಸಿಗೆಯಲ್ಲಿ ಇವುಗಳನ್ನು ಕಪಾಟಿನಲ್ಲಿ ಬಿಡಬಾರದು. ಬಿಸಿಲು ತಾಗಿದರೆ ಹಾಪ್ಸ್ ಕೆಟ್ಟ ವಾಸನೆಗೆ ತಿರುಗುತ್ತದೆ, ಸೆಕೆಗೆ ರುಚಿ ಬೇಗ ಹಾಳಾಗುತ್ತದೆ. ಫ್ರಿಜ್ಜಿನಲ್ಲಿ ನೆಟ್ಟಗೆ ನಿಲ್ಲಿಸಿಟ್ಟು, ಕುಡಿಯುವುದಕ್ಕೆ ಕಾಲು ಗಂಟೆ ಮುಂಚೆ ಹೊರತೆಗೆದು, ತಳದಲ್ಲಿ ಕುಳಿತ ಯೀಸ್ಟ್ ಗಸಿ ಕದಡದಂತೆ ಲೋಟವನ್ನು ಓರೆಯಾಗಿ ಹಿಡಿದು ನಿಧಾನವಾಗಿ ಸುರಿಯಿರಿ.