ಹೈಬ್ರಿಡ್ ಮೈಲೇಜು: ಗಂಜಿನವರಿಗೆ ಕೊನೆಗೂ ಲೆಕ್ಕ ತೋರಿಸಿದೆ

ಕಲಬುರಗಿಯ ನೆಹರೂ ಗಂಜಿನಲ್ಲಿ, ಅಂದರೆ ನಮ್ಮ ಕಾಳಿನ ಪೇಟೆಯಲ್ಲಿ, ಡೀಸೆಲ್ ಬಿಟ್ಟು ಬೇರೆ ಗಾಡಿ ತಗೊಂಡವನನ್ನು ಜನ ಸ್ವಲ್ಪ ಕನಿಕರದಿಂದ ನೋಡುತ್ತಾರೆ. ನನ್ನನ್ನೂ ಹಾಗೇ ನೋಡಿದರು. ನನ್ನದು ತೊಗರಿ ಖರೀದಿ ಕೆಲಸ. ಆಳಂದ, ಸೇಡಂ, ಚಿತ್ತಾಪುರ, ಜೇವರ್ಗಿ, ಯಾದಗಿರಿ ಅಂತ ಸುತ್ತುತ್ತಲೇ ಇರಬೇಕು. ಸೀಸನ್ನಿನಲ್ಲಿ ತಿಂಗಳಿಗೆ ಎರಡೂವರೆ ಮೂರು ಸಾವಿರ ಕಿಲೋಮೀಟರ್ ಆಗುತ್ತದೆ. ಉಳಿದ ತಿಂಗಳಲ್ಲಿ ಅದರ ಅರ್ಧ. ಇಂಥವನು ಪೆಟ್ರೋಲ್ ಹೈಬ್ರಿಡ್ ತಂದು ನಿಲ್ಲಿಸಿದಾಗ ಪಕ್ಕದ ಅಡತ್ ಅಂಗಡಿಯ ಕಾಕಾ ಹೇಳಿದ್ದು ಇಷ್ಟೇ: "ಇಪ್ಪತ್ತೆಂಟು ಕೊಡ್ತದಂತಲ್ರಿ ಸಾಹುಕಾರ್ರ? ಕೊಡ್ತದ, ಕೊಡ್ತದ. ಇಳಿಜಾರಿನಾಗ ನೂಕಿದ್ರ."

ಗಾಡಿ ಯಾವುದು ಅಂತ ಕೇಳುವವರಿಗೆ: ಒಂದೂವರೆ ಲೀಟರಿನ ಮೂರು ಸಿಲಿಂಡರ್ ಎಂಜಿನ್ನಿನ ಸ್ಟ್ರಾಂಗ್ ಹೈಬ್ರಿಡ್, ಅಂದರೆ ಪೆಟ್ರೋಲ್ ಎಂಜಿನ್ ಜೊತೆಗೆ ಬ್ಯಾಟರಿ, ಮೋಟಾರೂ ಇದ್ದು, ಸ್ವಲ್ಪ ದೂರ ಬರೀ ಕರೆಂಟಿನಲ್ಲೂ ಓಡುವ ಗಾಡಿ. 2022ರಲ್ಲಿ ಟೊಯೋಟಾ ಹೈರೈಡರ್, ಮಾರುತಿ ಗ್ರ್ಯಾಂಡ್ ವಿಟಾರಾ ಅಂತ ಎರಡು ಹೆಸರಲ್ಲಿ ಬಂತಲ್ಲ, ಅದೇ. ಕಾಗದದ ಮೇಲೆ ಲೀಟರಿಗೆ 27.97 ಕಿಲೋಮೀಟರ್. ಈ ಅಂಕಿ ಸುಳ್ಳಲ್ಲ, ಆದರೆ ಅದು ಲ್ಯಾಬಿನಲ್ಲಿ ರೋಲರ್ ಮೇಲೆ ಅಳೆದದ್ದು. ಎಸಿ ಆಫ್, ವೇಗ 90 ದಾಟುವುದಿಲ್ಲ, ಹಿಂದಿನ ಸೀಟಿನಲ್ಲಿ ನಾಲ್ಕು ಚೀಲ ಸ್ಯಾಂಪಲ್ ಇರುವುದಿಲ್ಲ, ಹೊರಗೆ 43 ಡಿಗ್ರಿ ಬಿಸಿಲೂ ಇರುವುದಿಲ್ಲ. ನಮ್ಮ ಕಡೆ ಈ ನಾಲ್ಕೂ ಉಲ್ಟಾ.

ಮೊದಲ ಎರಡು ಮೂರು ತಿಂಗಳು ನನಗೆ ಬಂದದ್ದು 19ರ ಆಸುಪಾಸು. ಡಿಸ್‌ಪ್ಲೇ 21 ತೋರಿಸುತ್ತಿತ್ತು. ಡಿಸ್‌ಪ್ಲೇ ನಂಬಬೇಡಿ. ನನ್ನ ಗಾಡಿಯಲ್ಲಿ ಅದು ಯಾವಾಗಲೂ ಒಂದೂವರೆ ಎರಡು ಜಾಸ್ತಿಯೇ ಹೇಳುತ್ತದೆ. ಟ್ಯಾಂಕ್ ಫುಲ್ ಮಾಡಿ, ಮತ್ತೆ ಫುಲ್ ಮಾಡಿ ಭಾಗಿಸಿದರೆ ಬರುವುದೇ ನಿಜವಾದ ಲೆಕ್ಕ. ಅದೂ ಒಂದೇ ಬಂಕ್, ಒಂದೇ ನಾಜಲ್, ಮೊದಲ ಕಟ್‌ಆಫಿಗೆ ನಿಲ್ಲಿಸಬೇಕು. "ಇನ್ನೂ ಹಿಡಿಸ್ತದ ಸರ್" ಅಂತ ಹುಡುಗ ಇನ್ನೆರಡು ಸಲ ಒತ್ತಿದರೆ ಆ ಟ್ಯಾಂಕಿನ ಲೆಕ್ಕ ಹಳ್ಳ ಹಿಡಿಯಿತು ಅಂತಲೇ ತಿಳಿಯಿರಿ.

ಆಮೇಲೆ ಪ್ರಯೋಗ ಶುರು ಮಾಡಿದೆ. ಕೆಲಸಕ್ಕೆ ಬಾರದವನ್ನು ಮೊದಲು ಹೇಳಿಬಿಡುತ್ತೇನೆ.

ಬರೀ ಬ್ಯಾಟರಿಯಲ್ಲಿ ಓಡಿಸುವ ಇವಿ ಮೋಡ್ ಬಟನ್. ಅದನ್ನು ಒತ್ತಿ ನಮ್ಮೂರ ಸೂಪರ್ ಮಾರ್ಕೆಟ್ ಏರಿಯಾ ಸುತ್ತಿದರೆ ಖುಷಿಯಾಗುತ್ತದೆ, ಪೆಟ್ರೋಲ್ ಉಳಿಯುವುದಿಲ್ಲ. ಬ್ಯಾಟರಿ ಇರುವುದೇ ಮುಕ್ಕಾಲು ಯೂನಿಟ್. ಅದನ್ನು ಹಟ ಮಾಡಿ ಖಾಲಿ ಮಾಡಿದರೆ ಎಂಜಿನ್ ಎದ್ದು ಅದನ್ನೇ ತುಂಬಿಸಲು ಕೂರುತ್ತದೆ. ಇಳಿಜಾರಿನಲ್ಲಿ ಗಾಡಿಯನ್ನು ತಡೆದು ಹಿಡಿಯುವ ಬಿ ಮೋಡ್ ಘಾಟ್ ಇರುವವರಿಗೆ, ನಮ್ಮ ಬಯಲು ಸೀಮೆಗಲ್ಲ. ದುಬಾರಿ ಪೆಟ್ರೋಲ್ ಹಾಕಿ ನೋಡಿದೆ, ನೋಟು ಕರಗಿದ್ದು ಬಿಟ್ಟರೆ ಬೇರೇನೂ ಕಾಣಲಿಲ್ಲ. ಟೈರಿಗೆ ಹೇಳಿದ್ದಕ್ಕಿಂತ ಮೂರು ಪಿಎಸ್‌ಐ ಜಾಸ್ತಿ ಗಾಳಿ ಹೊಡೆಸಿದಾಗ ಅರ್ಧ ಕಿಲೋಮೀಟರ್ ಸಿಕ್ಕಿತು ಅನ್ನಿ. ಆದರೆ ಚಿತ್ತಾಪುರದ ಕಡೆ ಸಿಮೆಂಟ್ ಲಾರಿ ಓಡಾಡಿ ಕಿತ್ತುಹೋದ ರಸ್ತೆಯಲ್ಲಿ ಸೊಂಟ ಹೋಯಿತು. ಮತ್ತೆ ಇಳಿಸಿದೆ. ಎಸಿ ಆಫ್ ಮಾಡುವ ಪ್ರಯೋಗ ಏಪ್ರಿಲ್‌ನಲ್ಲಿ ಅಫಜಲಪುರ ತಲುಪುವ ಮೊದಲೇ ಮುಗಿಯಿತು. ಜೊತೆಗೆ ಮನೆಯವರಿದ್ದರು, ಅವರು ಏನಂದರು ಅಂತ ಬರೆಯುವುದಿಲ್ಲ.

ಕೆಲಸಕ್ಕೆ ಬಂದದ್ದು ಬ್ರೇಕು. ಮೆಲ್ಲಗೆ ಬ್ರೇಕ್ ಹಿಡಿದರೆ ಮೋಟಾರು ಗಾಡಿಯ ಓಟವನ್ನೇ ಕರೆಂಟು ಮಾಡಿ ಬ್ಯಾಟರಿಗೆ ತುಂಬುತ್ತದೆ. ನಮ್ಮ ಕಡೆ ಪ್ರತಿ ಊರಿಗೂ ಹಂಪ್ ಇದೆ, ಕೆಲವು ಊರಿಗೆ ನಾಲ್ಕು. ಡೀಸೆಲ್ ಗಾಡಿಯವನಿಗೆ ಅದು ಶಾಪ, ನಮಗೆ ಅದೇ ಗಳಿಕೆ. ಹಂಪ್‌ಗೆ ಇನ್ನೂರು ಮೀಟರ್ ಇರುವಾಗಲೇ ಕಾಲು ತೆಗೆಯಬೇಕು. ಆಮೇಲೆ ಬ್ರೇಕ್ ಪೆಡಲ್ ಮೇಲೆ ಕಾಲು ಸುಮ್ನೆ ಇಟ್ಟಷ್ಟೇ ಭಾರ ಹಾಕಬೇಕು. ಮೀಟರಿನ ಚಾರ್ಜ್ ಮುಳ್ಳು ಕೆಳಗಿನ ಕೊನೆ ಮುಟ್ಟಬಾರದು, ಅದರ ಸ್ವಲ್ಪ ಮೇಲೆಯೇ ನಿಲ್ಲಬೇಕು. ಮುಳ್ಳು ಕೊನೆ ಮುಟ್ಟಿತು ಅಂದರೆ ಡಿಸ್ಕ್ ಬ್ರೇಕ್ ಹಿಡಿಯಿತು ಅಂತ ಅರ್ಥ, ಆ ದುಡ್ಡು ಬಿಸಿಯಾಗಿ ಗಾಳಿಗೆ ಹೋಯಿತು. ಹಂಪ್ ದಾಟಿ ಊರೊಳಗೆ 30–40ರಲ್ಲಿ ಹೋಗುವಾಗ ಎಂಜಿನ್ ಏಳುವುದೇ ಇಲ್ಲ. ಊರು ದಾಟಿದ ಮೇಲೆ ನಾಜೂಕು ಮಾಡಬೇಡಿ. ಚುರುಕಾಗಿ 65ಕ್ಕೆ ಏರಿಸಿ, ಕಾಲು ಪೂರ್ತಿ ಎತ್ತಿ, ಮತ್ತೆ ಮೆಲ್ಲಗೆ ಇಡಿ. ಎಂಜಿನ್ ಮಲಗಿಕೊಳ್ಳುತ್ತದೆ, ಗಾಡಿ ಓಡುತ್ತಿರುತ್ತದೆ. ಎಂಜಿನ್ನಿಗೆ ಪಾಪ ಅಂತ ಎಳೆದಾಡುತ್ತಾ ಏರಿಸುವವರಿಗೇ ಮೈಲೇಜು ಕಡಿಮೆ ಬರುವುದು.

ಇಷ್ಟಕ್ಕೇ 19 ಇದ್ದದ್ದು 21 ದಾಟಿತು. ಬೆಳಿಗ್ಗೆ ಗಾಡಿ ಆನ್ ಮಾಡಿದ ಮೇಲೆ ಮೊದಲ ಎರಡು ಕಿಲೋಮೀಟರಿನಲ್ಲಿ ನಾನು ಮಾಡುವುದು ಇನ್ನೊಂದಿದೆ. ಅದು ನನ್ನ ಹತ್ತಿರವೇ ಇರಲಿ, ಗಂಜಿನವರೂ ಇದನ್ನು ಓದುತ್ತಾರೆ.

ಇನ್ನು ಬಿಸಿಲಿನ ವಿಷಯ. ಇದನ್ನು ಶೋರೂಮಿನಲ್ಲಿ ಯಾರೂ ಹೇಳಲಿಲ್ಲ. ಈ ಗಾಡಿಯ ಎಸಿ ಕರೆಂಟಿನಲ್ಲೇ ಓಡುತ್ತದೆ. ಮೇ ತಿಂಗಳಲ್ಲಿ ಗಂಜಿನ ಬಯಲಲ್ಲಿ ಎರಡು ತಾಸು ನಿಂತ ಗಾಡಿ ಹತ್ತಿದರೆ ಎಸಿಯೇ ಬ್ಯಾಟರಿ ತಿನ್ನುತ್ತದೆ. ಎಂಜಿನ್ ಚಾರ್ಜ್ ಮಾಡಲೆಂದೇ ಏಳುತ್ತದೆ. ನಿಂತಲ್ಲೇ ಎಸಿ ಹಾಕಿಕೊಂಡು ಅರ್ಧ ತಾಸು ಫೋನಿನಲ್ಲಿ ರೇಟ್ ಮಾತಾಡುವ ಚಟ ಇದ್ದರೆ ಆ ದಿನದ ಉಳಿತಾಯ ಅಲ್ಲೇ ಮುಗಿಯಿತು. ಬೇಸಿಗೆಯಲ್ಲಿ ನನಗೆ 18–19ಕ್ಕಿಂತ ಮೇಲೆ ಹೋಗಿದ್ದು ಕಡಿಮೆ. ಅದೇ ಡಿಸೆಂಬರ್, ಜನವರಿಯಲ್ಲಿ 24 ಆರಾಮಾಗಿ ಬರುತ್ತದೆ. 45 ಲೀಟರಿನ ಟ್ಯಾಂಕ್ ಒಂದು ಸಲ ಸಾವಿರದ ಹತ್ತಿರ ಹತ್ತಿರ ಓಡಿತ್ತು, ಫೋಟೊ ಇದೆ. ನನ್ನ ಅದೃಷ್ಟಕ್ಕೆ ತೊಗರಿ ಗಂಜಿಗೆ ಬರುವುದೂ ಅದೇ ಚಳಿಗಾಲದಲ್ಲಿ. ಓಡಾಟ ಜಾಸ್ತಿ ಇದ್ದಾಗಲೇ ಮೈಲೇಜೂ ಜಾಸ್ತಿ. ಮದುವೆ ಸೀಸನ್ ನೋಡಿ ಬೇಸಿಗೆಯಲ್ಲಿ ಗಾಡಿ ಬಾಡಿಗೆಗೆ ಬಿಡುವವರಿಗೆ ಈ ಲೆಕ್ಕ ಹೀಗೇ ಬರುವುದಿಲ್ಲ.

ಒಮ್ಮೆ ಸೀಸನ್ ನಡುವೆಯೇ ಮೈಲೇಜು ಏಕಾಏಕಿ ಕುಸಿಯಿತು. ಚಳಿ ಇದೆ, ದಾರಿ ಅದೇ, ಕಾಲೂ ಅದೇ. ಬಂದದ್ದು 20. ಹಿಂದಿನಿಂದ ಫ್ಯಾನ್ ಗುಂಯ್ ಅನ್ನುವ ಸದ್ದು ಬೇರೆ. ಒಂದು ಗ್ಯಾರೇಜಿನವನು ಬ್ಯಾಟರಿ ಹೋಗಿದೆ, ಲಕ್ಷದ ಮೇಲಿನ ಮಾತು ಅಂದ. ಆ ರಾತ್ರಿ ನಿದ್ದೆ ಬರಲಿಲ್ಲ. ಆಮೇಲೆ ನೆನಪಾಯಿತು, ಬ್ಯಾಟರಿಗೆ ಎಂಟು ವರ್ಷ ಅಥವಾ 1 ಲಕ್ಷ 60 ಸಾವಿರ ಕಿಲೋಮೀಟರ್ ವಾರಂಟಿ ಇದೆ. ಸರ್ವಿಸಿಗೆ ಒಯ್ದೆ. ಹಿಂದಿನ ಸೀಟಿನ ಹತ್ತಿರ ಬ್ಯಾಟರಿಗೆ ಗಾಳಿ ಎಳೆಯುವ ಜಾಲರಿ ಇರುತ್ತದೆ. ಅದರ ಫಿಲ್ಟರ್ ಬಿಚ್ಚಿ ತೋರಿಸಿದರು. ತೊಗರಿ ಹೊಟ್ಟು! ಹಳದಿ ಪುಡಿ ಬೆರಳ ದಪ್ಪಕ್ಕೆ ಹೆಪ್ಪುಗಟ್ಟಿ ಕಂಬಳಿಯ ತುಂಡಿನ ಹಾಗೆ ಕೂತಿತ್ತು. ಉಗುರಿನಿಂದ ಎತ್ತಿದರೆ ಒಂದೇ ಪದರವಾಗಿ ಎದ್ದು ಬಂತು, ನಡುವೆ ಎರಡು ಕಾಳು ಬೇರೆ. ಸ್ಯಾಂಪಲ್ ಚೀಲಗಳನ್ನು ನಾನು ಆ ಜಾಲರಿಗೆ ಒರಗಿಸಿಯೇ ಇಡುತ್ತಿದ್ದೆ. ಗಾಳಿ ಇಲ್ಲದೆ ಬ್ಯಾಟರಿ ಕಾದು, ಎಂಜಿನ್ ಮೇಲೆ ಭಾರ ಬೀಳುತ್ತಿತ್ತು. ಫಿಲ್ಟರ್ ತೊಳೆದು ಹಾಕಿದರು, ಖರ್ಚು ಕೆಲವು ನೂರು ರೂಪಾಯಿ. ಮುಂದಿನ ಟ್ಯಾಂಕಿಗೆ ಮತ್ತೆ 23. ಈಗ ಚೀಲಗಳೆಲ್ಲ ಡಿಕ್ಕಿಗೆ. ಕಡ್ಲಿ, ಜೋಳ, ಸಿಮೆಂಟು, ಏನೇ ಧೂಳಿನ ವ್ಯಾಪಾರ ಇದ್ದವರೂ ಆ ಜಾಲರಿಯನ್ನು ತಿಂಗಳಿಗೊಮ್ಮೆ ಮುಟ್ಟಿ ನೋಡಿ.

ಇ20 ಪೆಟ್ರೋಲ್ ಬಗ್ಗೆಯೂ ಕೇಳುತ್ತಾರೆ. ಎಥನಾಲಿನಲ್ಲಿ ಪೆಟ್ರೋಲಿಗಿಂತ ಶಕ್ತಿ ಮೂರನೇ ಒಂದು ಭಾಗದಷ್ಟು ಕಡಿಮೆ. ಐದರಲ್ಲಿ ಒಂದು ಪಾಲು ಅದೇ ಇದ್ದರೆ ಮೈಲೇಜು ಸ್ವಲ್ಪ ತಗ್ಗಲೇಬೇಕು. ಹೈಬ್ರಿಡ್ ಆದರೂ ಅಷ್ಟೇ. ನಮ್ಮ ಆಳಂದ, ಬೀದರ್ ಕಡೆ ಎಥನಾಲಿಗೆ ಹೋಗುವ ಕಬ್ಬು ಬೆಳೆಯುವವರ ಮುಂದೆ ಇದನ್ನು ಜೋರಾಗಿ ಹೇಳಬೇಡಿ ಮತ್ತೆ.

ಕಾಕಾನ ಮಗನದು ಡೀಸೆಲ್ ಎಸ್‌ಯುವಿ. ಅವನೇ ಪಂಥ ಕಟ್ಟಿದ. ಎರಡೂ ಗಾಡಿ ಒಂದೇ ಬಂಕಿನಲ್ಲಿ ಫುಲ್ ಮಾಡಿಸಿ ಹುಮನಾಬಾದ್ ಮೇಲೆ ಹೈದರಾಬಾದಿಗೆ ಹೋಗಿ ಬಂದೆವು. ಹುಮನಾಬಾದಿನಿಂದ ಆಚೆ 65ನೇ ಹೆದ್ದಾರಿ ನುಣ್ಣಗಿದೆ, ಅವನು 100–110ರಲ್ಲೇ ಹೊಡೆದ, ನಾನೂ ಬೆನ್ನು ಬಿಡಲಿಲ್ಲ. ನನಗೆ ಹದಿನೆಂಟೂವರೆ ಬಂತು, ಅವನಿಗೆ ಹದಿನೆಂಟು. ಪೆಟ್ರೋಲ್ 103, ಡೀಸೆಲ್ 91 ಇದ್ದಾಗಿನ ಮಾತು. ಕಿಲೋಮೀಟರಿಗೆ ಅವನ ಖರ್ಚು ಐದು ರೂಪಾಯಿ, ನನ್ನದು ಐದೂವರೆ. ಗಂಜಿನಲ್ಲಿ ಒಂದು ವಾರ ನನ್ನ ಮಾನ ಉಳಿಯಲಿಲ್ಲ. ಆ ವೇಗದಲ್ಲಿ ಎಂಜಿನ್ ಮಲಗುವುದೇ ಇಲ್ಲ, ಬ್ಯಾಟರಿ ಇದ್ದೂ ಇಲ್ಲದ ಹಾಗೆ.

ಆದರೆ ನಾವು ದಿನಾ ಹೈದರಾಬಾದಿಗೆ ಹೋಗುತ್ತೇವಾ? ಮುಂದಿನ ವಾರ ನಮ್ಮ ಮಾಮೂಲಿ ಸುತ್ತಿಗೆ ಕರೆದೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ವಾಪಸ್ ಊರು. ಊರೊಳಗೆ ಜಗತ್ ಸರ್ಕಲ್, ಸೂಪರ್ ಮಾರ್ಕೆಟ್ ಟ್ರಾಫಿಕ್ ಬೇರೆ. ನನಗೆ 23ರ ಹತ್ತಿರ, ಅವನಿಗೆ ಹದಿನಾಲ್ಕು ಚಿಲ್ಲರೆ. ಅವನದು ಕಿಲೋಮೀಟರಿಗೆ ಆರು ರೂಪಾಯಿಗಿಂತ ಜಾಸ್ತಿ, ನನ್ನದು ನಾಲ್ಕೂವರೆ. ಬಂಕಿನ ಚೀಟಿ ಎರಡನ್ನೂ ಕಾಕಾನ ಗಲ್ಲಾಪೆಟ್ಟಿಗೆ ಮೇಲೆ ಇಟ್ಟೆ. "ಈ ನಾಜಲ್‌ದಾಗೇ ಏನೋ ಅದ" ಅಂದರು. ಅಲ್ಲಿಗೆ ಒಪ್ಪಿದ ಹಾಗೇ ಅಲ್ವಾ?

ಈಗ ದುಡ್ಡು. ಇದೇ ಗಾಡಿಯ ಮೈಲ್ಡ್ ಹೈಬ್ರಿಡ್ ನಮ್ಮ ಭಾವನ ಹತ್ತಿರ ಇದೆ. ಅದಕ್ಕೂ ಹೈಬ್ರಿಡ್ ಅಂತಲೇ ಹೆಸರು, ಆದರೆ ಅದು ಬರೀ ಕರೆಂಟಿನಲ್ಲಿ ಒಂದು ಗೇಣೂ ಓಡುವುದಿಲ್ಲ. ಅವರಿಗೆ 14–15 ಬರುತ್ತದೆ. ನನ್ನದಕ್ಕೆ ರಸ್ತೆಗೆ ಬರುವಷ್ಟರಲ್ಲಿ ಮೂರು ಲಕ್ಷ ಜಾಸ್ತಿ ಬಿತ್ತು. ನಾನು ತಗೊಂಡಾಗ ಇಂಥ ಗಾಡಿಗೆ ಜಿಎಸ್‌ಟಿ, ಸೆಸ್ ಸೇರಿ 43 ಪರ್ಸೆಂಟ್. 2025ರ ಸೆಪ್ಟೆಂಬರ್‌ನಿಂದ 40 ಆಗಿದೆ. ಬ್ಯಾಟರಿ ಗಾಡಿಗೆ ಐದೇ. ಮೇಲಿಂದ ನಮ್ಮ ರಾಜ್ಯದ ರಸ್ತೆ ತೆರಿಗೆ. ಉತ್ತರ ಪ್ರದೇಶದವರು 2024ರಲ್ಲಿ ಸ್ಟ್ರಾಂಗ್ ಹೈಬ್ರಿಡ್‌ಗೆ ನೋಂದಣಿ ತೆರಿಗೆಯನ್ನೇ ಬಿಟ್ಟರು. ಇಲ್ಲಿಯೂ ಹಾಗೆ ಮಾಡಿದ್ದರೆ ನನ್ನ ಲೆಕ್ಕ ಎಷ್ಟೋ ಬೇಗ ಮುಗಿಯುತ್ತಿತ್ತು.

ಶೋರೂಮಿನ ಹುಡುಗ 28ರ ಲೆಕ್ಕ ಹಾಕಿ ಮೂರು ವರ್ಷದಲ್ಲಿ ವಸೂಲ್ ಅಂದಿದ್ದ. ವರ್ಷಕ್ಕೆ 24 ಸಾವಿರ ಕಿಲೋಮೀಟರ್ ಓಡುವ ನನಗೆ ವರ್ಷದ ಸರಾಸರಿ 22, ಭಾವನದು 14 ಹಿಡಿದರೆ ಆರು ನೂರು ಲೀಟರ್ ಚಿಲ್ಲರೆ ಉಳಿಯುತ್ತದೆ. ದುಡ್ಡಿನಲ್ಲಿ 60–65 ಸಾವಿರ. ಅಂದರೆ ಮೂರಲ್ಲ, ಹತ್ತಿರ ಹತ್ತಿರ ಐದು ವರ್ಷ. ನನಗೆ ಒಪ್ಪಿಗೆ, ಗಾಡಿ ಹತ್ತು ವರ್ಷ ಇಟ್ಟುಕೊಳ್ಳುವವನು ನಾನು. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡುವವರಿಗೆ ಒಂಬತ್ತು ವರ್ಷ ಬೇಕು. ಅಂಥವರು ಆರಾಮಕ್ಕೆ, ಸದ್ದಿಲ್ಲದ ಓಟಕ್ಕೆ ತಗೊಳ್ಳಲಿ, ಉಳಿತಾಯ ಅಂತ ತಗೊಳ್ಳುವುದು ಬೇಡ. ವಾರಕ್ಕೆರಡು ಸಲ ಬೆಂಗಳೂರು ದಾರಿ ಹಿಡಿಯುವವರಿಗೆ ಡೀಸೆಲ್ಲೇ ಸರಿ.

ಈ ಬೇಸಿಗೆಗೆ ಗಂಜಿನಲ್ಲಿ ಗಾಡಿ ನಿಲ್ಲಿಸುವ ಕಡೆ ತಗಡಿನ ಶೆಡ್ ಹಾಕಿಸುತ್ತಿದ್ದೇನೆ. ಶೆಡ್ ಹಾಕುವವನು ಖರ್ಚು ಹದಿನೈದು ಸಾವಿರ ಅಂದಿದ್ದಾನೆ. ಮೇ ತಿಂಗಳ 18 ಅನ್ನು ಅದು 20ಕ್ಕೆ ಏರಿಸುತ್ತದಾ ನೋಡಬೇಕು. ಕಾಕಾ ಆಗಲೇ ಅದರ ನೆರಳಲ್ಲಿ ಡೀಸೆಲ್ ಗಾಡಿಗೂ ಜಾಗ ಕೇಳಿದ್ದಾರೆ.