ನಾಲ್ಕು ಚೌಕ, ನಾಲ್ಕು ಬಣ್ಣ: ಸ್ಕ್ರೀನ್‌ನಲ್ಲಿ ಅಮೂರ್ತ ಚಿತ್ರ ಮುದ್ರಿಸುವ ಬಗೆ

ಮದುವೆ ಕರೆಯೋಲೆ ಮುದ್ರಿಸುವುದು ನನ್ನ ಜೀವನೋಪಾಯ. ಮುಹೂರ್ತಗಳಿಲ್ಲದ ತಿಂಗಳಲ್ಲಿ ಅದೇ ಸ್ಕ್ರೀನ್ (ಚೌಕಟ್ಟಿಗೆ ಬಿಗಿದ ಜಾಲರಿ), ಅದೇ ಸ್ಕ್ವೀಜಿ (ಇಂಕ್ ಎಳೆಯುವ ರಬ್ಬರ್ ಪಟ್ಟಿ) ಹಿಡಿದು ಚೌಕಗಳನ್ನು ಮುದ್ರಿಸುತ್ತೇನೆ. ಅಮೂರ್ತ ಚಿತ್ರ ಕಲಿಯಲು ಬರುವವರು ತ್ರಿಕೋನ, ವೃತ್ತ, ಅಡ್ಡಗೆರೆ ಎಲ್ಲವನ್ನೂ ಒಂದೇ ಹಾಳೆಗೆ ತುರುಕಲು ಹೊರಡುತ್ತಾರೆ. ಬೇಡ. ಆಕಾರ ಒಂದೇ ಇರಲಿ. ಬಣ್ಣದ ಆಟ ಆಗಲೇ ಕಣ್ಣಿಗೆ ಬೀಳುವುದು. ಜರ್ಮನಿಯ ಬೌಹೌಸ್ ಕಲಾಶಾಲೆಯಲ್ಲಿ ಕಲಿಸಿ, 1933ರಲ್ಲಿ ಅಮೆರಿಕಕ್ಕೆ ಹೋದ ಚಿತ್ರಕಾರ ಯೋಸೆಫ್ ಆಲ್ಬರ್ಸ್ 1950ರಲ್ಲಿ ಚೌಕದೊಳಗೆ ಚೌಕ ಬರೆಯಲು ತೊಡಗಿ, 1976ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ಬಿಡಲಿಲ್ಲ.

ಅಳತೆಯ ಅನುಪಾತವೂ ಅವರದೇ. ಹೊರಚೌಕ 20 ಸೆಂಟಿಮೀಟರ್, ಒಳಗಿನವು 16, 12, 8. ಒಂದೊಂದು ಚೌಕಕ್ಕೂ ಅದರ ಹೊರಗಿನದಕ್ಕೂ ನಡುವೆ ಕೆಳಗೆ 1, ಎಡಬಲಕ್ಕೆ 2, ಮೇಲೆ 3 ಸೆಂಟಿಮೀಟರ್ ಅಂತರ ಬಿಡಿ. ಸರಿಯಾಗಿ ನಡುವಿಟ್ಟರೆ ಚಿತ್ರ ಗುರಿಹಲಗೆಯಂತೆ ನಿಂತುಬಿಡುತ್ತದೆ. ಕೆಳಗಿಳಿಸಿದರೆ ಚೌಕಗಳಿಗೆ ತೂಕ ಬರುತ್ತದೆ.

ಇನ್ನು ಬಣ್ಣ. ಇಲ್ಲಿ ಅವಸರ ಮಾಡಲೇಬೇಡಿ. ಡಬ್ಬಿಯಲ್ಲಿ ಕಂಡದ್ದನ್ನು ನಂಬದೆ, ಮುದ್ರಿಸುವ ಕಾಗದದ ಮೇಲೆಯೇ ಒಂದೊಂದು ಇಂಕನ್ನೂ ಎಳೆದು, ಪೂರ್ತಿ ಒಣಗಿಸಿ, ಆ ತುಂಡುಗಳನ್ನು ಕತ್ತರಿಸಿ ಜೋಡಿಸಿ ನೋಡಿ. ಹಗಲು ಬೆಳಕಿನಲ್ಲಿಯೇ ನೋಡಬೇಕು. ಒಂದೇ ಕಾವಿ ಬಣ್ಣದ ಎರಡು ತುಂಡು ತೆಗೆದುಕೊಂಡು ಒಂದನ್ನು ತಿಳಿ ಹಳದಿಯ ಮೇಲೆ, ಇನ್ನೊಂದನ್ನು ಗಾಢ ನೀಲಿಯ ಮೇಲೆ ಇಡಿ. ಹಳದಿಯ ಮೇಲೆ ಅದು ಕಂದುತ್ತದೆ, ನೀಲಿಯ ಮೇಲೆ ಕಿತ್ತಳೆಯ ಕಡೆಗೆ ಹೊಳೆಯುತ್ತದೆ. ಇವು ಎರಡು ಬೇರೆ ಇಂಕ್ ಎಂದು ನಮ್ಮ ಕೆಲಸದ ಹುಡುಗ ಪಟ್ಟು ಹಿಡಿದಿದ್ದ. ರಟ್ಟಿನಲ್ಲಿ ಎರಡು ಕಿಂಡಿ ಕೊರೆದು, ಸುತ್ತಲಿನ ಬಣ್ಣ ಮುಚ್ಚಿ ತೋರಿಸಿದ ಮೇಲೆಯೇ ಒಪ್ಪಿದ. ಈ ಪಲ್ಲಟಕ್ಕಾಗಿಯೇ ನಾನು ಚೌಕ ಮುದ್ರಿಸುವುದು. ಬಣ್ಣದ ಗುಣದಲ್ಲಿ ಅರ್ಧ ಪಾಲು ನೆರೆಯ ಬಣ್ಣದ್ದು.

ಜೋಡಿಸಿದ ತುಂಡುಗಳನ್ನು ಮೊಬೈಲ್‌ನಲ್ಲಿ ಕಪ್ಪು ಬಿಳುಪಿನಲ್ಲಿ ಚಿತ್ರ ತೆಗೆಯಿರಿ. ಪಕ್ಕಪಕ್ಕದ ಎರಡು ಬಣ್ಣ ಒಂದೇ ಬೂದು ಬಣ್ಣವಾಗಿ ಬೆರೆತರೆ, ಅವುಗಳ ತಿಳಿ-ಗಾಢ ಪ್ರಮಾಣ ಒಂದೇ ಎಂದರ್ಥ. ಆ ಅಂಚು ನಡುಗುವಂತೆ ಕಾಣುತ್ತದೆ. ಬೇಕೆಂದೇ ಒಂದು ಕಡೆ ಹಾಗಿರಲಿ, ಎಲ್ಲ ಕಡೆ ಬೇಡ. ಅಂಚು ಸ್ಪಷ್ಟವಾಗಲೆಂದು ಕಪ್ಪು ಗೆರೆ ಹಾಕುವುದಂತೂ ಖಂಡಿತ ಬೇಡ. ಗೆರೆ ಬಂದರೆ ಬಣ್ಣಗಳ ನಡುವಿನ ಮಾತು ನಿಲ್ಲುತ್ತದೆ.

ಮುದ್ರಣ ಸುಲಭ. ನೀರಿನ ಇಂಕ್, ದಪ್ಪ ಕಾಗದ ಸಾಕು. ಬಟರ್ ಪೇಪರ್‌ನಲ್ಲಿ ಪ್ರತಿ ಬಣ್ಣಕ್ಕೂ ಒಂದು ಅಚ್ಚು (ಇಂಕ್ ಇಳಿಯಬೇಕಾದ ಭಾಗವನ್ನು ತೆಗೆದ ಹಾಳೆ) ಕತ್ತರಿಸಿ ಸ್ಕ್ರೀನ್ ಅಡಿಯಲ್ಲಿಡಿ. ಮೊದಲ ಎಳೆತದಲ್ಲೇ ಇಂಕ್ ಅದನ್ನು ಜಾಲರಿಗೆ ಅಂಟಿಸುತ್ತದೆ. ಕಾಗದ ಪ್ರತಿ ಸಲವೂ ಒಂದೇ ಜಾಗದಲ್ಲಿ ಕೂರಲು ಉದ್ದನೆಯ ಅಂಚಿಗೆ ಎರಡು, ಪಕ್ಕದ ಅಂಚಿಗೆ ಒಂದು ರಟ್ಟಿನ ತುಂಡು ಅಂಟಿಸಿ. ತಿಳಿ ಬಣ್ಣ ಮೊದಲು, ಗಾಢ ಬಣ್ಣ ಆಮೇಲೆ. ಗಾಢವಾದದ್ದು ತಿಳಿಯ ಅಂಚನ್ನು ಅರ್ಧ ಮಿಲಿಮೀಟರ್‌ನಷ್ಟು ಮುಚ್ಚಲಿ, ಇಲ್ಲದಿದ್ದರೆ ಬಿಳಿ ಕಾಗದ ಇಣುಕುತ್ತದೆ. ಸ್ಕ್ವೀಜಿಯನ್ನು ಓರೆಯಾಗಿ ಹಿಡಿದು, ನಡುವೆ ನಿಲ್ಲಿಸದೆ ಎಳೆಯಿರಿ. ಒಂದು ಬಣ್ಣ ಪೂರ್ತಿ ಒಣಗುವವರೆಗೆ ಇನ್ನೊಂದನ್ನು ಹಾಕಬೇಡಿ.

ಆಲ್ಬರ್ಸ್ ತಮ್ಮ ಫಲಕಗಳ ಹಿಂಬದಿಯಲ್ಲಿ ಬಳಸಿದ ಬಣ್ಣಗಳ ಹೆಸರು, ತಯಾರಕರ ಹೆಸರು ಬರೆದಿಡುತ್ತಿದ್ದರು. ನೀವೂ ಮೊದಲ ಪ್ರತಿಯ ಹಿಂದೆ ಪೆನ್ಸಿಲ್‌ನಲ್ಲಿ ಇಂಕ್‌ಗಳ ಪ್ರಮಾಣ ಬರೆದು ಆ ಪ್ರತಿಯನ್ನು ಮಾರದೆ ಇಟ್ಟುಕೊಳ್ಳಿ. ಮುಂದಿನ ಸಲ ಅದೇ ಕಾವಿ ಕಲಸಲು ಬೇರೆ ಆಧಾರವಿರುವುದಿಲ್ಲ.